ಪೈಲ್ವಾನನ ಔಷಧಿ, ನನ್ನ ಮೀಸೆ

ಈ ದೇಶದಲ್ಲಿ ಹಾರ್ನ್ ಹೊಡೆಯುವುದೆಂದರೆ ಅಪ್ಪನ ಹೆಸರು ಹಿಡಿದು ಬೈದಂತೆ. ನಮ್ಮ ಹುಬ್ಬಳ್ಳಿ ಕಡೆ ಹಾರ್ನ್ ಎಂದರೆ ಕೆಮ್ಮಿದ ಹಾಗೆ. ಹೊಡೆದವನಿಗೂ ನೆನಪಿರುವುದಿಲ್ಲ, ಕೇಳಿದವನೂ ತಿರುಗಿ ನೋಡುವುದಿಲ್ಲ. ಇಲ್ಲಿಯವರು ವರ್ಷಗಟ್ಟಲೆ ಹಾರ್ನ್ ಮುಟ್ಟದೆ ಬದುಕುತ್ತಾರೆ. ಕಾರು ಮಾರುವಾಗ ಬೇರೆಲ್ಲ ಸವೆದಿದ್ದರೂ ಅದೊಂದು ಹೊಸದಾಗಿಯೇ ಇರುತ್ತದೆ. ಹೀಗಿರುವಾಗ ಮೊನ್ನೆ ಹೇವರ್ಡಿನ ಹತ್ತಿರ ಫ್ರೀವೇ ಮೇಲೆ ಹಿಂದಿನವನೊಬ್ಬ ಉದ್ದಕ್ಕೆ ಪೀಂ ಎಂದ. ಪಕ್ಕದಲ್ಲಿ ಕೂತಿದ್ದ ನನ್ನ ಹೆಂಡತಿ ಶಾಂತಾ, "ಮತ್ತ ಚಾಲೂ ಆತೇನ್ರೀ?" ಎಂದಳು. ಇಬ್ಬರೂ ನಗಲು ಶುರುಮಾಡಿದವರು ಯೂನಿಯನ್ ಸಿಟಿ ಬಂದರೂ ನಿಲ್ಲಿಸಲಿಲ್ಲ.

ಯಾಕೆಂದರೆ ಒಂದು ಇಡೀ ಬೇಸಿಗೆ ಈ ಬೇ ಏರಿಯಾದ ಅರ್ಧ ಜನ ನನ್ನ ವ್ಯಾನಿನ ಹಿಂದೆ ಹಾರ್ನ್ ಹೊಡೆದಿದ್ದಾರೆ. ಉಳಿದ ಅರ್ಧ ಜನ ಕಿಟಕಿ ಇಳಿಸಿ ಮಾತಾಡಿದ್ದಾರೆ.

ವ್ಯಾನಿನ ವಿಷಯ ಮೊದಲು ಹೇಳಬೇಕು. ನನ್ನದು ರೊಟ್ಟಿಯ ಕಸುಬು. ಹೇವರ್ಡಿನಲ್ಲಿ ಗೋದಾಮುಗಳ ಸಾಲಿನ ನಡುವೆ ಒಂದು ಅಡಿಗೆಮನೆ ಬಾಡಿಗೆಗೆ ಹಿಡಿದು ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ ಮಾಡಿ ಮನೆಮನೆಗೆ, ಸೀಮಂತಕ್ಕೆ, ಗೃಹಪ್ರವೇಶಕ್ಕೆ ಒಯ್ದು ಕೊಡುತ್ತೇನೆ. ನಾನು ಶಾಲೆ ಬಿಟ್ಟದ್ದು ಏಳನೇ ಇಯತ್ತೆಗೆ. ಶಾಲೆಯೇ ನನ್ನನ್ನು ಬಿಟ್ಟಿತು ಎನ್ನುವವರೂ ಇದ್ದಾರೆ, ಅವರ ಮಾತಿಗೆ ಬೆಲೆ ಕೊಡಬೇಡಿ. ಆಮೇಲೆ ಹುಬ್ಬಳ್ಳಿಯ ಒಂದು ಖಾನಾವಳಿ ಸೇರಿದೆ. ಅಲ್ಲಿ ರೊಟ್ಟಿ ಬಡಿಯುವವರೆಲ್ಲ ಹೆಂಗಸರು. ನನ್ನನ್ನು ನೋಡಿ, "ಬಂದ್ಲು ನೋಡ್ರಿ ನಮ್ಮ ಹೊಸ ಸೊಸಿ" ಎನ್ನುತ್ತಿದ್ದರು. ಆ ಮಾತಿಗೆ ಉತ್ತರವಾಗಿ ನಾನು ಮೀಸೆ ಬಿಟ್ಟೆ. ಮೊದಲು ಬಂದದ್ದು ಎರಡು ಕಡೆ ಎರಡು ಎಳೆ. ಅದಕ್ಕೇ ಎಣ್ಣೆ ಹಚ್ಚಿ, ತಿರುವಿ, ಬೆಳೆಸಿ, ಕೊನೆಗೆ ಎರಡೂ ತುದಿ ಮೇಲಕ್ಕೆ ನಿಲ್ಲುವ ಹಾಗೆ ಮಾಡಿದೆ. ಸೊಸೆ ಎನ್ನುವವರ ಬಾಯಿ ತಾನಾಗಿ ಮುಚ್ಚಿತು. ಈ ದೇಶಕ್ಕೆ ಅಡಿಗೆಯವನಾಗಿ ಬಂದಾಗಲೂ ಮೀಸೆಯೇ ನನ್ನ ಮುಂದೆ ನಡೆದು ಬಂತು. ನಮ್ಮ ಕನ್ನಡದವರ ಮನೆಗಳಿಗೆ ಊಟ ಒಯ್ದರೆ ಗೋಡೆಯ ಮೇಲೆ ಗೌನು ಹಾಕಿಕೊಂಡು ಡಿಗ್ರಿ ಹಿಡಿದ ಫೋಟೋಗಳು ಇರುತ್ತವೆ. ನನ್ನ ಡಿಗ್ರಿಯನ್ನು ನಾನು ಮೂಗಿನ ಕೆಳಗೇ ಇಟ್ಟುಕೊಂಡು ತಿರುಗುತ್ತಿದ್ದೆ, ಅಷ್ಟೇ ವ್ಯತ್ಯಾಸ.

ಬೇಸ್‌ಬಾಲಿನ ಚಟ ಹತ್ತಿದ್ದು ಅಡಿಗೆಮನೆಯ ಪಕ್ಕದವನ ರೇಡಿಯೋದಿಂದ. ಪಕ್ಕದ ಶೆಡ್ಡಿನಲ್ಲಿ ಲಾರಿಗಳಿಗೆ ಚಿತ್ರ ಬರೆಯುವ ಹೆಕ್ಟರ್ ಎಂಬ ಗೆಳೆಯನಿದ್ದಾನೆ. ಅವನ ರೇಡಿಯೋ ಕೂಗುತ್ತಿದ್ದರೆ ಗೋಡೆ ದಾಟಿ ನನ್ನ ಹಿಟ್ಟಿನ ಪರಾತಕ್ಕೇ ಬಂದು ಬೀಳುತ್ತಿತ್ತು. ಮೊದಮೊದಲು ನನಗೆ ಆ ಆಟದ ಮೇಲೆ ಸಿಟ್ಟೇ ಇತ್ತು. ಚೆಂಡು ಹೊಡೆದ ತಕ್ಷಣ ಬ್ಯಾಟು ಬಿಸಾಕಿ ಓಡುತ್ತಾರಲ್ಲ, ಅದೇನು ಮಾವ ಕೊಡಿಸಿದ ಬ್ಯಾಟೇ? ಆಮೇಲೆ ತಿಳಿಯಿತು, ರೊಟ್ಟಿ ಬಡಿಯುವವನಿಗೆ ಇದಕ್ಕಿಂತ ಒಳ್ಳೆಯ ಆಟವಿಲ್ಲ. ಬಹಳ ಹೊತ್ತು ಏನೂ ಆಗುವುದಿಲ್ಲ. ಆಗುವ ಹೊತ್ತಿಗೆ ಕೂಗುತ್ತಾರೆ, ಆಗ ತಲೆ ಎತ್ತಿದರೆ ಸಾಕು.

ನಮ್ಮ ಟೀಮು ಯಾವುದೆಂದು ಇಲ್ಲಿ ಹೇಳುವುದಿಲ್ಲ. ಹೇಳಿದರೆ ಗಿರಾಕಿಗಳಲ್ಲಿ ಅರ್ಧ ಜನ ನಾಳೆಯಿಂದ ಚಪಾತಿಗೆ ಹೋಗುತ್ತಾರೆ. ಆ ಟೀಮಿನಲ್ಲಿ ಒಬ್ಬ ಎಡಗೈ ಆಟಗಾರನಿದ್ದ. ತೋಳು ಎಂದರೆ ನಮ್ಮೂರ ಎತ್ತಿನ ಬಂಡಿಯ ನೊಗ. ಹಳ್ಳಿಯಲ್ಲಿ ಹುಲ್ಲಿನ ಪೆಂಡಿ ಹೊತ್ತು ಹೊತ್ತು ತೋಳಿಗೆ ಇಷ್ಟು ಬಲ ಬಂತು ಎಂದು ಟೀವಿಯಲ್ಲಿ ಹೇಳಿದ್ದ. ಓದು ತಲೆಗೆ ಹತ್ತಲಿಲ್ಲ ಎಂದೂ ಹೇಳಿದ್ದ. ಮುಗಿಯಿತಲ್ಲ! ಅಂದಿನಿಂದ ಅವನು ನನ್ನ ಮನೆಯವನಾದ. ನಾನು ಅವನಿಗೆ ಪೈಲ್ವಾನ ಎಂದು ಹೆಸರಿಟ್ಟೆ. ನಮ್ಮ ಬಳಗದವರೂ ಹಾಗೇ ಕರೆಯತೊಡಗಿದರು.

ಪೈಲ್ವಾನರ ಮೇಲೆ ನನಗೆ ಚಿಕ್ಕಂದಿನಿಂದಲೂ ಭಕ್ತಿ. ನಮ್ಮ ಓಣಿಯ ಕೊನೆಗೆ ಗರಡಿಮನೆ ಇತ್ತು. ಕುಸ್ತಿಗೆ ಮುಂಚೆ ಹಿರಿಯರೊಬ್ಬರು ಬಂದು ಪೈಲ್ವಾನರ ಉಡಿದಾರದಲ್ಲಿ ಕೈಯಾಡಿಸಿ ನೋಡುತ್ತಿದ್ದರು. ಮಂತ್ರಿಸಿದ ತಾಯಿತ ಕಟ್ಟಿಕೊಂಡು ಬಂದಿದ್ದಾನೇನೋ ಎಂಬ ಅನುಮಾನ. ತಾಯಿತ ಸಿಕ್ಕರೆ ಅವನು ಆ ಸಲ ಮಣ್ಣಿಗೆ ಇಳಿಯುವ ಹಾಗಿಲ್ಲ. ಒಮ್ಮೆ ಒಬ್ಬನ ಸೊಂಟದಲ್ಲಿ ಸಿಕ್ಕ ಗಂಟು ಬಿಚ್ಚಿದರೆ ಒಳಗೆ ಬೆಲ್ಲದ ಚೂರು. ಹಸಿವಾದಾಗ ತಿನ್ನಲು ಇಟ್ಟುಕೊಂಡಿದ್ದನಂತೆ. ಬೆಲ್ಲಕ್ಕೆ ಶಕ್ತಿ ಉಂಟೋ ಇಲ್ಲವೋ ಎಂದು ಎರಡು ಓಣಿಯವರು ಹೊಡೆದಾಡಿದರು. ಅಂದು ಕುಸ್ತಿಗಿಂತ ಅದೇ ಚೆನ್ನಾಗಿತ್ತು.

ಇರಲಿ. ಹೊಸ ವ್ಯಾನು ತೆಗೆದುಕೊಂಡಾಗ ಹೆಕ್ಟರನಿಗೆ ಹೇಳಿ ಅದರ ಮೈಮೇಲೆ ಪೈಲ್ವಾನನನ್ನು ಬರೆಸಿದೆ. ಎರಡೂ ಕೈಯಲ್ಲಿ ಬ್ಯಾಟು ಬೀಸಿದ್ದಾನೆ, ಎದುರಿಗೆ ಚೆಂಡಿನ ಬದಲು ಒಂದು ದೊಡ್ಡ ರೊಟ್ಟಿ ಹಾರಿ ಬರುತ್ತಿದೆ. ಕೆಳಗೆ ದಪ್ಪ ಅಕ್ಷರದಲ್ಲಿ, "ಈ ಬಲ ಎಲ್ಲಿಂದ ಬಂತು? ನಮ್ಮ ರೊಟ್ಟಿಯಿಂದ!" ಅದರ ಕೆಳಗೆ ಇದೇ ಮಾತು ಇಂಗ್ಲಿಷಿನಲ್ಲಿ. ಇಂಗ್ಲಿಷು ಮಾಡಿಕೊಟ್ಟವಳು ಕಾಲೇಜು ಓದುವ ನನ್ನ ಮಗಳು ಮೇಘಾ. ಮಾಡಿಕೊಡುವಾಗಲೇ ತಕರಾರು ತೆಗೆದಿದ್ದಳು.

"ಅಪ್ಪಾ, ಯು ಕಾಂಟ್ ಸೇ ದಿಸ್. ಅವ್ನು ನಿನ್ ರೊಟ್ಟಿ ತಿಂದೇ ಇಲ್ಲ."

"ತಿಂದಿಲ್ಲ ಅಂತ ಅಂವಾ ಎಲ್ಲೆರ ಹೇಳ್ಯಾನೇನು?"

"ದಟ್ಸ್ ನಾಟ್ ಹೌ ಇಟ್ ವರ್ಕ್ಸ್!"

ಕೆಲಸ ಹೇಗೆ ಆಗುತ್ತದೆ ಎಂದು ನನಗೇ ಪಾಠ! ನಾನು ಮೀಸೆ ತಿರುವಿ, ಹೆಕ್ಟರನಿಗೆ ಬರೆ ಎಂದೆ. ಸೀಸನ್ನಿನ ಮೊದಲಲ್ಲಿ ಪೈಲ್ವಾನ ಚೆಂಡನ್ನು ಹೊಡೆದ ಹೊಡೆತಕ್ಕೆ ನನ್ನ ವ್ಯಾನು ಕಂಡವರೆಲ್ಲ ಹೆಬ್ಬೆರಳು ಎತ್ತಿ ತೋರಿಸುತ್ತಿದ್ದರು. ನಾನೇ ಹೊಡೆದಂತೆ ತಲೆಬಾಗಿಸಿ ವಂದನೆ ಸ್ವೀಕರಿಸುತ್ತಿದ್ದೆ.

ಒಂದು ಮಧ್ಯಾಹ್ನ ಪಾಲೋ ಆಲ್ಟೋದ ತನ್ನ ಆಫೀಸಿನಿಂದ ರಾಘು ಫೋನ್ ಮಾಡಿದ. ರಾಘು ಮೈಸೂರಿನವನು, ದೊಡ್ಡ ಇಂಜಿನಿಯರು, ನಮ್ಮ ಟೀಮಿನ ನನಗಿಂತ ಹಳೆಯ ಭಕ್ತ. ಯೂನಿಯನ್ ಸಿಟಿಯ ಅವನ ಗರಾಜಿನಲ್ಲಿ ಭಾನುವಾರ ಭಾನುವಾರ ನಾವೆಲ್ಲ ಕೂತು ಮ್ಯಾಚು ನೋಡುತ್ತೇವೆ.

"ಬಸಣ್ಣ, ವ್ಯಾನ್ ಎಲ್ಲಿದೆ?"

"ಫ್ರೀವೇ ಮ್ಯಾಲೆ. ಯಾಕ?"

"ಯಾವುದಾದ್ರೂ ಎಕ್ಸಿಟ್ ತಗೊಂಡು ಮರದ ಕೆಳಗೆ ನಿಲ್ಸಿಬಿಡಿ. ಪೈಲ್ವಾನ್ ಡ್ರಗ್ ಟೆಸ್ಟಲ್ಲಿ ಸಿಕ್ಹಾಕ್ಕೊಂಡ. ಅರ್ಧ ಸೀಸನ್ ಸಸ್ಪೆಂಡು."

ನಾನು ಎಕ್ಸಿಟ್ ತೆಗೆದುಕೊಳ್ಳುವ ಮೊದಲೇ ಹಿಂದಿನಿಂದ ಪೀಂ ಎಂದಿತು. ಪಕ್ಕದಿಂದ ಇನ್ನೊಂದು. ಸಿಗ್ನಲ್ಲಿನಲ್ಲಿ ಒಬ್ಬ ಕಿಟಕಿ ಇಳಿಸಿ, ಹೊಟ್ಟೆ ಹಿಡಿದುಕೊಂಡು ನಗುತ್ತ, ನಿನ್ನ ರೊಟ್ಟಿಗೆ ಏನು ಬೆರೆಸುತ್ತೀಯಪ್ಪಾ, ನನಗೂ ಒಂದಿಷ್ಟು ಬೇಕು ಎಂದು ಇಂಗ್ಲಿಷಿನಲ್ಲಿ ಕೇಳಿದ. "ಉಪ್ಪು!" ಎಂದು ನಾನೂ ಇಂಗ್ಲಿಷಿನಲ್ಲೇ ಕೂಗಿದೆ. ಅವನು ಕಣ್ಣು ಹೊಡೆದು, "ಶೂರ್, ಶೂರ್" ಎನ್ನುತ್ತ ಹೋದ.

ಅಂದಿನಿಂದ ನನ್ನ ಮರ್ಯಾದೆ ಬೀದಿಗೆ ಬಂತು, ವ್ಯಾಪಾರ ಮಾತ್ರ ಮೇಲಕ್ಕೆ ಹೋಯಿತು. ಹೇವರ್ಡಿನ ಜಿಮ್ಮಿನ ಹುಡುಗರು ಅಡಿಗೆಮನೆಯ ಬಾಗಿಲಿಗೇ ಬಂದು, ಆ ಸ್ಟ್ರಾಂಗ್ ಬ್ರೆಡ್ಡು ಕೊಡಿ ಎನ್ನತೊಡಗಿದರು. ನಾನು ಹಿಟ್ಟಿನ ಚೀಲ ತೋರಿಸಿದೆ, ನೀರಿನ ನಲ್ಲಿ ತೋರಿಸಿದೆ. ಇಷ್ಟೇ ನೋಡ್ರಪ್ಪಾ ಎಂದರೆ, ಅವರು ದನಿ ತಗ್ಗಿಸಿ, ನೀನು ಹೇಳಬಾರದು ಎಂದು ನಮಗೆ ಗೊತ್ತು ಎನ್ನುವರು. ಒಬ್ಬನಂತೂ ಅಲ್ಲೇ ಎರಡು ರೊಟ್ಟಿ ತಿಂದು, ತೋಳು ಮಡಚಿ ಮುಟ್ಟಿ ನೋಡಿಕೊಂಡು, ಈಗಲೇ ಗೊತ್ತಾಗುತ್ತಿದೆ ಎಂದ. ಶಾಂತಾ ಖುಷಿಯಾಗಿದ್ದಳು. ನನಗೆ ಮಾತ್ರ ಉರಿದುಹೋಯಿತು. ಎಷ್ಟೋ ವರ್ಷ ಬೆಂಕಿಯ ಮುಂದೆ ನಿಂತು ಗಳಿಸಿದ ಹೆಸರಿಗೆ ಔಷಧಿಯ ವಾಸನೆ ಹತ್ತಿತಲ್ಲ!

"ಆ ಚಿತ್ರ ಅಳಿಸಿಬಿಡ್ರಿ, ಮುಗೀತು" ಎಂದಳು ಶಾಂತಾ.

"ಅಳಿಸಿದ್ರ ತಪ್ಪು ಒಪ್ಪಿಕೊಂಡಾಂಗ ಆಕ್ಕತಿ."

"ತಪ್ಪು ಮಾಡಿದಂವಾ ಅಂವಾ. ನೀವು ಯಾಕ ಒಪ್ಪಿಕೋತೀರಿ?"

ಹೆಂಡತಿ ಸರಿಯಾಗಿ ಮಾತಾಡಿದಾಗ ಊಟ ಮಾಡುವುದೊಂದೇ ದಾರಿ. ಊಟ ಮಾಡಿದೆ.

ಆ ಭಾನುವಾರ ರಾಘುವಿನ ಗರಾಜಿನಲ್ಲಿ ಮ್ಯಾಚು ಯಾರೂ ನೋಡಲಿಲ್ಲ. ಇಡೀ ಬಳಗವೇ ನ್ಯಾಯಾಧೀಶರಾಗಿತ್ತು. ಒಬ್ಬರು ಆಜೀವ ಬಹಿಷ್ಕಾರ ಎಂದರೆ, ಇನ್ನೊಬ್ಬರು ಎಲ್ಲರೂ ತೆಗೆದುಕೊಳ್ಳುತ್ತಾರೆ, ಇವನು ಪೆದ್ದ, ಸಿಕ್ಕಿಬಿದ್ದ ಎಂದರು. ಹಿಂದಿನ ವಾರದವರೆಗೆ ಮಗನಿಗೆ ಪೈಲ್ವಾನನ ಅಂಗಿ ಹಾಕಿಸುತ್ತಿದ್ದವರೊಬ್ಬರು, ನನಗೆ ಮೊದಲಿನಿಂದಲೂ ಅವನ ಕತ್ತಿನ ದಪ್ಪದ ಮೇಲೆ ಡೌಟಿತ್ತು ಎಂದರು. ರಾಘು ನಿಯಮಾವಳಿಯನ್ನು ಫೋನಿನಲ್ಲಿ ತೆಗೆದು ಓದುತ್ತಲೇ ಇದ್ದ. ಅವನ ಹೆಂಡತಿ ವಸುಧಾ ಮಕ್ಕಳ ಡಾಕ್ಟರು. ಅವರು ಚಹದ ತಟ್ಟೆ ಇಟ್ಟು, "ಆ ಔಷಧಿಯಿಂದ ತೋಳು ದಪ್ಪ ಆಗತ್ತೆ, ಬೇರೆ ಕೆಲವು ಸಣ್ಣ ಆಗತ್ವೆ. ಏನು ಅಂತ ಕೇಳ್ಬೇಡಿ, ಮಕ್ಕಳಿದಾರೆ" ಎಂದು ಒಳಗೆ ಹೋದರು. ಗರಾಜಿನ ಗಂಡಸರೆಲ್ಲ ಕಾಲ ಮೇಲೆ ಕಾಲು ಹಾಕಿ ಕೂತರು.

ಪೈಲ್ವಾನ ಒಂದು ಹೇಳಿಕೆ ಕೊಟ್ಟಿದ್ದ: ಗೊತ್ತಿದ್ದು ನಾನು ಏನನ್ನೂ ತೆಗೆದುಕೊಂಡಿಲ್ಲ, ಯಾವುದೋ ಪುಡಿಯಲ್ಲಿ ಬೆರೆತು ಬಂದಿರಬೇಕು ಎಂದು. ನನಗೆ ಅಷ್ಟು ಸಾಕಾಗಿತ್ತು.

"ಪಾಪ, ಯಾರೋ ತಿನಿಸ್ಯಾರ್ರಿ ಅವಗ" ಎಂದೆ.

ರಾಘು ಕನ್ನಡಕ ಮೇಲೇರಿಸಿ, "ಯಾರು ಬಸಣ್ಣ? ನಿಮ್ಮ ವ್ಯಾನ್ ಪ್ರಕಾರ ನೀವೇ ಅಲ್ವಾ?" ಎಂದ.

ಗರಾಜು ಹೋ ಎಂದು ನಕ್ಕಿತು. ನಗುವಿಗೂ ಒಂದು ಮಿತಿ ಬೇಡವೇ? ನನಗೆ ಖಾನಾವಳಿಯ ಹೆಂಗಸರು ನಕ್ಕಂತೆಯೇ ಕೇಳಿಸಿತು. ಎದ್ದು ನಿಂತೆ. ಮೀಸೆಯ ಮೇಲೆ ಕೈ ಇಟ್ಟೆ. "ಕೇಳ್ರಿ ಎಲ್ಲಾರೂ. ನಮ್ಮ ಪೈಲ್ವಾನ ಗೊತ್ತಿದ್ದು ತಗೊಂಡಿದ್ದು ಖರೇ ಆದ್ರ, ಇದೇ ಗರಾಜಿನ್ಯಾಗ ಈ ಮೀಸಿ ಬೋಳಿಸ್ತೇನಿ!"

ನಗು ಟಪ್ಪನೆ ನಿಂತಿತು. ಮೈಸೂರಿನವರಿಗೂ ಮೀಸೆಯ ಆಣೆ ಎಂದರೆ ಏನೆಂದು ಗೊತ್ತಲ್ಲ. ಮೇಘಾ ಒಬ್ಬಳೇ, "ಅಪ್ಪಾ, ವಾಟ್ ಡಸ್ ಯುವರ್ ಮೀಸೆ ಹ್ಯಾವ್ ಟು ಡೂ ವಿತ್ ಇಟ್?" ಎಂದಳು. ವಿವರಿಸಲು ಹೊರಟ ರಾಘು ತನ್ನ ನುಣ್ಣನೆಯ ಮೇಲ್ತುಟಿ ಸವರಿಕೊಂಡ.

ಮುಂದಿನ ವಾರಗಳು ಮೀಸೆಗೆ ರಾಜೋಪಚಾರದವು. ಬಲಿಯ ಕುರಿಗೆ ಮೈ ತೊಳೆದು ಮೇವು ಹಾಕುವಂತೆ ಬೆಳಿಗ್ಗೆ ಕೊಬ್ಬರಿ ಎಣ್ಣೆ, ಸಂಜೆ ಬಾಚಣಿಗೆ. ಒಂದೊಂದು ಸುದ್ದಿಗೂ ಕನ್ನಡಿಗೆ ಓಡುತ್ತಿದ್ದೆ. ವಕೀಲರು ಪೈಲ್ವಾನನ ಪರ ಮಾತಾಡಿದರೆ ತುದಿಗಳು ಮೇಲೆ. ಯಾರೋ ಲ್ಯಾಬಿನವನು ಮಾತಾಡಿದರೆ ತುದಿಗಳು ಕೆಳಗೆ. ಊಟ ಕೊಡಲು ಹೋದ ಮನೆಗಳಲ್ಲಿ ಜನ ಬುಟ್ಟಿ ನೋಡುವ ಮೊದಲು ನನ್ನ ಮೂಗಿನ ಕೆಳಗೆ ನೋಡಿ, "ಸದ್ಯ, ಇನ್ನೂ ಇದೆ" ಎನ್ನುತ್ತಿದ್ದರು. ಒಬ್ಬರು ಮೊಮ್ಮಕ್ಕಳನ್ನು ಕರೆದು ಪಕ್ಕದಲ್ಲಿ ನಿಲ್ಲಿಸಿ ಫೋಟೋ ತೆಗೆಸಿದರು, ಇರುವಾಗಲೇ ನೋಡಿಕೊಳ್ಳಲಿ ಎಂದು.

ಆಮೇಲೊಂದು ಭಾನುವಾರ, ಮ್ಯಾಚಿಗೆ ಮೊದಲು, ಪೈಲ್ವಾನ ಟೀವಿಯಲ್ಲಿ ಕೂತ. ವಕೀಲರಿರಲಿಲ್ಲ. ಬೆವರುತ್ತಿದ್ದ. ಹೇಳಿದ್ದು ಸ್ವಲ್ಪವೇ. ಯಾರೂ ಮೋಸ ಮಾಡಿ ತಿನ್ನಿಸಲಿಲ್ಲ, ಗೊತ್ತಿದ್ದೇ ತೆಗೆದುಕೊಂಡೆ, ತೋಳು ನೋಯುತ್ತಿತ್ತು, ಜಾಗ ಹೋಗುತ್ತದೆಂದು ಹೆದರಿದೆ ಎಂದ.

ನನಗೆ ಬಂದ ಸಿಟ್ಟು ಇಂಥದ್ದೆಂದು ಹೇಳಲಾರೆ. ತೆಗೆದುಕೊಂಡನೆಂದು ಅಷ್ಟು ಸಿಟ್ಟಲ್ಲ. ಹುಲ್ಲಿನ ಪೆಂಡಿಯ ಹೆಸರು ಹೇಳಿದ್ದನಲ್ಲ, ಅದಕ್ಕೆ. ದುಡಿದು ಬಂದ ಬಲ ಎಂದು ನಾನು ಊರೆಲ್ಲ ಡಂಗುರ ಸಾರಿದ್ದೆ. ಹೊತ್ತು ಬೆಳೆದ ಮೈಯೂ ಸೋಲುತ್ತದೆ ಎಂದು ಮೊದಲೇ ಅಂದಿದ್ದರೆ ನಾನೇನು ಬೇಡ ಎನ್ನುತ್ತಿದ್ದೆನೇ? ನನ್ನ ಮಣಿಕಟ್ಟೂ ಈಗ ಬೆಳಿಗ್ಗೆ ನೆಟ್ಟಗಾಗಲು ಬಿಸಿನೀರು ಕೇಳುತ್ತದೆ.

"ವಸುಧಾ ಅವ್ರ, ಒಂದು ರೇಜರ್ ಕೊಡ್ರಿ" ಎಂದೆ.

ವಾರಗಟ್ಟಲೆ ಕಾಡಿಸಿದ ರಾಘುವೇ ಅಡ್ಡ ಬಂದ. "ಅಯ್ಯೋ ಬೇಡ ಬಸಣ್ಣ, ತಮಾಷೆಗೆ ಅಂದಿದ್ದು. ನೋಡಿ, ನಿಯಮದ ಪ್ರಕಾರ ಮೊದಲ ತಪ್ಪಿಗೆ ಅರ್ಧ ಸೀಸನ್ ಅಷ್ಟೇ ಶಿಕ್ಷೆ. ಆ ಲೆಕ್ಕದಲ್ಲಿ ಅರ್ಧ ಮೀಸೆ ಸಾಕು."

"ಯಾವ ಅರ್ಧ?"

ರಾಘು ನಿಜವಾಗಿಯೂ ಯೋಚಿಸಿದ. "ಎಡಗಡೆ. ಅವನು ಎಡಗೈ ಆಟಗಾರ ಅಲ್ವಾ?"

"ರೀ, ಸುಮ್ನಿರ್ರೀ" ಎಂದರು ವಸುಧಾ. ರೇಜರ್ ಮಾತ್ರ ತಂದರು. ಅದು ರಾಘುವಿನದೇ, ಐದು ಅಲಗಿನದು. ಶಾಂತಾ ಕೈ ಹಿಡಿದುಕೊಂಡಳು. "ಇವ್ರೆಲ್ಲಾ ಬ್ಯಾಡ ಅನ್ನಾಕತ್ತಾರ. ಯಾಕ ಹಟ?"

"ಅಂವಾ ಮಾತು ತಪ್ಪಿದ. ನಾನೂ ತಪ್ಪಿದ್ರ ಇಬ್ರಿಗೂ ಏನ್ ಫರಕು ಉಳೀತು?" ಎಂದೆ. ಹೇಳುವಾಗ ಬಹಳ ದೊಡ್ಡ ಮಾತು ಎನ್ನಿಸಿತು. ಬಾತ್‌ರೂಮಿನ ಬಾಗಿಲು ಹಾಕಿಕೊಂಡು ಕೊನೆಯ ಸಲ ಎರಡೂ ತುದಿ ತಿರುವಿದೆ.

ಹೊರಗೆ ಬಂದೆ. ಅಷ್ಟು ವರ್ಷ ಬಿಸಿಲು ಕಾಣದ ಮೇಲ್ತುಟಿ ಹಸಿ ಹಿಟ್ಟಿನ ಉಂಡೆಯ ಹಾಗೆ ಬೆಳ್ಳಗಿತ್ತು. ಮೊದಲು ನಕ್ಕವಳು ಶಾಂತಾ. ಮದುವೆಯಾದಾಗಿನಿಂದ ಕಂಡಿರದ ಜಾಗ ಅದು. "ಅಯ್ಯ, ನಿಮ್ಮ ತುಟಿ ಇಷ್ಟು ಸಣ್ಣದಿತ್ತೇನ್ರೀ!" ಎಂದು ಗರಾಜಿನ ನೆಲದ ಮೇಲೆ ಕೂತೇಬಿಟ್ಟಳು. ಮೇಘಾ, "ಅಪ್ಪಾ, ಯು ಲುಕ್ ಲೈಕ್ ಅತ್ತೆ" ಎಂದಳು. ಕನ್ನಡಿ ನೋಡಿದರೆ ಹೌದು, ಸಾಕ್ಷಾತ್ ನನ್ನ ಅಕ್ಕ.

ನನ್ನ ಫೋನಿಗೂ ನಾನು ಯಾರೆಂದು ತಿಳಿಯಲಿಲ್ಲ. ಮುಖ ತೋರಿಸಿದರೆ ತೆರೆಯುವ ಜಾತಿಯದು, ತೆರೆಯಲಿಲ್ಲ. ಮರುದಿನ ಧಾರವಾಡದ ಅಜ್ಜಿಯೊಬ್ಬರಿಗೆ ರೊಟ್ಟಿ ಒಯ್ದರೆ, ಬಾಗಿಲನ್ನು ಬೆರಳಷ್ಟೇ ತೆರೆದು, "ಆ ಮೀಸಿ ಬಸಣ್ಣನ ಕೈಯಾಗ ಕಳಸ್ರಿ, ಬ್ಯಾರೆಯವರ ರೊಟ್ಟಿ ನನಗ ಸೇರೂದಿಲ್ಲ" ಎಂದು ಹಾಕಿಕೊಂಡರು. ಪೈಲ್ವಾನ ಆಟದ ಹೊರಗಿರುವಷ್ಟು ದಿನ ಮೀಸೆಯೂ ಹೊರಗೇ ಎಂದು ನಾನೇ ತೀರ್ಮಾನ ಮಾಡಿಕೊಂಡಿದ್ದೆ. ಅದಕ್ಕೆ ದಿನಾ ಬೋಳಿಸುವ ಕಷ್ಟ ಬೇರೆ.

ವ್ಯಾನಿನ ಬಗ್ಗೆ ಹೆಕ್ಟರನಿಗೆ, ಬರಹ ಅಳಿಸು, ಮನುಷ್ಯ ಇರಲಿ ಎಂದು ಹೇಳಿ ಬಂದಿದ್ದೆ. ಸಿಟ್ಟು ಮಾತಿನ ಮೇಲೆ, ಮನುಷ್ಯನ ಮೇಲಲ್ಲ. ಆದರೆ ಹೆಕ್ಟರ್ ಎದುರು ಟೀಮಿನ ಭಕ್ತ. ಅವನು ಪರಮ ಸಂತೋಷದಿಂದ ಮನುಷ್ಯನನ್ನು ಅಳಿಸಿ ಬರಹ ಉಳಿಸಿದ. ಬ್ಯಾಟು ಚೆನ್ನಾಗಿ ಬಂದಿದೆ, ಅಳಿಸಲು ಮನಸ್ಸು ಬರಲಿಲ್ಲ ಎಂದ. ಈಗ ವ್ಯಾನಿನ ಮೇಲೆ ಕೈಯಿಲ್ಲದ ಬ್ಯಾಟೊಂದು ತಾನೇ ಗಾಳಿಯಲ್ಲಿ ನಿಂತಿದೆ, ಎದುರಿಗೆ ರೊಟ್ಟಿ ಹಾರುತ್ತಿದೆ, ಕೆಳಗೆ ಈ ಬಲ ಎಲ್ಲಿಂದ ಬಂತು ಎಂಬ ಪ್ರಶ್ನೆ. ಮೊದಲಿಗಿಂತ ಹೆಚ್ಚು ಅನುಮಾನ ಬರುವಂತಿದೆ.

ಇತ್ತ ಗರಾಜಿನಲ್ಲಿ ಇನ್ನೊಂದು ಅನಾಹುತ. ನಮ್ಮಿಂದ ಹೋದ ಮೀಸೆಯನ್ನು ನಾವೇ ತುಂಬಿಕೊಡಬೇಕು ಎಂದು ರಾಘು ತಪ್ಪಿತಸ್ಥ ಮನಸ್ಸಿನಿಂದ ಘೋಷಿಸಿದ. ಹುಟ್ಟಿದಾಗಿನಿಂದ ನುಣ್ಣಗೆ ಬೋಳಿಸಿಕೊಂಡೇ ಬಂದ ಇಂಜಿನಿಯರುಗಳೆಲ್ಲ ಮೀಸೆ ಬಿಟ್ಟರು. ಅವನ್ನು ಮೀಸೆ ಎನ್ನುವುದು ಮೀಸೆಗೆ ಅವಮಾನ. ರಾಘುವಿನದು ಒಗ್ಗರಣೆಯಲ್ಲಿ ಸಿಡಿದ ಸಾಸಿವೆ. ಇನ್ನೊಬ್ಬರದು ಒಂದೇ ಬದಿಗೆ ಬಂತು, ಅರ್ಧ ಮೀಸೆಯ ನಿಯಮ ಅಲ್ಲಿ ತಾನಾಗಿ ಜಾರಿಯಾಯಿತು. ಪಾಲೋ ಆಲ್ಟೋದ ಮೀಟಿಂಗಿನಲ್ಲಿ ಮ್ಯಾನೇಜರು, ಇದು ನಿಮ್ಮ ಹಬ್ಬವೇ ಎಂದು ಕೇಳಿದನಂತೆ. ಸೂತಕ ಎಂದನಂತೆ ರಾಘು.

ಪೈಲ್ವಾನ ಮರಳಿ ಆಡುವ ದಿನ ನಾವೆಲ್ಲ ಸ್ಟೇಡಿಯಮ್ಮಿಗೇ ಹೋದೆವು. ನಾನು ಬೋಳಿಸುವುದು ನಿಲ್ಲಿಸಿ ವಾರವೂ ಆಗಿರಲಿಲ್ಲ. ಮೂಗಿನ ಕೆಳಗೆ ಹೆಂಚಿಗೆ ಹತ್ತಿದ ಮಸಿಯಷ್ಟು ನೆರಳು. ಅವನು ಬ್ಯಾಟು ಹಿಡಿದು ಬಂದ. ತೋಳು ಮೊದಲಿಗಿಂತ ಸಣ್ಣಗಾದಂತೆ ಕಂಡಿತು, ಅಥವಾ ನನ್ನ ಕಣ್ಣಿನ ದೋಷ. ಅರ್ಧ ಸ್ಟೇಡಿಯಂ ಎದ್ದು ಬೂ ಎಂದಿತು, ಇನ್ನರ್ಧ ಎದ್ದು ಚಪ್ಪಾಳೆ ತಟ್ಟಿತು. ನಾನು ಬೈಯಬೇಕೆಂದೇ ಮನೆಯಿಂದ ತಯಾರಾಗಿ ಬಂದವನು. ನಮ್ಮ ಕಡೆಯ ನಾಲ್ಕು ಒಳ್ಳೆಯ ಬೈಗುಳಗಳನ್ನು ಹಾದಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡಿದ್ದೆ. ಎದ್ದು ನಿಂತೆ, ಬಾಯಿ ತೆರೆದೆ, ಕೈಗಳೂ ಮೇಲೆದ್ದವು. ಅವು ತಟ್ಟಲು ಎದ್ದವೋ ಬೈಯಲು ಎದ್ದವೋ ನನಗೇ ತಿಳಿಯಲಿಲ್ಲ. ಹಾಗೇ ನಿಂತೆ.

ಮೊದಲ ಚೆಂಡಿಗೆ ಅವನು ಬೀಸಿದ, ತಾಗಲಿಲ್ಲ. ಸುತ್ತ ಕೂಗು ಇನ್ನೂ ಜೋರಾಯಿತು.

ರಾಘು ನನ್ನ ಅಂಗಿ ಜಗ್ಗಿದ. "ಬಸಣ್ಣ, ಏನಾದ್ರೂ ಒಂದು ಮಾಡ್ರೀ! ಹಿಂದಿನವರಿಗೆ ಕಾಣ್ತಾ ಇಲ್ಲ. ಬೈತೀರೋ, ಚಪ್ಪಾಳೆ ತಟ್ತೀರೋ?"

ನಾನು ಮೇಲ್ತುಟಿ ಸವರಿಕೊಂಡೆ. ಚುಚ್ಚಿತು.

"ಇದು ಪೂರ್ತಿ ಬರಲಿ ತಡೀಪಾ. ಆಮ್ಯಾಲೆ ಹೇಳ್ತೇನಿ" ಎಂದು ಕೂತೆ.